ಹುಳುಕಡ್ಡಿ ವಾರ್ಡಿನ ಉದ್ಘಾಟನೆ

ನಮ್ಮ ತುಮಕೂರಿನಲ್ಲಿ ರಿಟೈರ್ ಆದ ಯಾರ ಮನೆಗೆ ಬೇಕಾದರೂ ಹೋಗಿ ಬೀರು ತೆಗೆಸಿ ನೋಡಿ, ಸನ್ಮಾನದ ಶಾಲುಗಳ ರಾಶಿ ಇರುತ್ತದೆ. ಹೊದೆದರೆ ಚುಚ್ಚುತ್ತದೆ, ಬಿಸಾಡಲು ಮನಸ್ಸು ಬರುವುದಿಲ್ಲ, ಇನ್ನೊಬ್ಬರಿಗೆ ಕೊಡೋಣವೆಂದರೆ ಅವರ ಬೀರುವೂ ತುಂಬಿರುತ್ತದೆ. ಶಿರಾ ಗೇಟಿನ ಆಚೆ, ಶೀಟು ಹೊದಿಸಿದ ಹಳೇ ಗೋಡೌನಿನಲ್ಲಿ ನಾವು ಕೆಲವರು ಸೇರಿ ಬೀದಿ ನಾಯಿ, ಬೆಕ್ಕುಗಳಿಗೆ ಒಂದು ಆಶ್ರಯ ನಡೆಸುತ್ತಿದ್ದೇವೆ. ಆ ಶಾಲುಗಳೆಲ್ಲ ಕಡೆಗೆ ಬಂದು ಬೀಳುವುದು ಅಲ್ಲಿಗೆ. ತಂದುಕೊಡುವವರ ಮುಖದಲ್ಲಿ ಗೋದಾನ ಮಾಡಿದ ಕಳೆ. ನಾನು ಹೈಸ್ಕೂಲು ಟೀಚರು, ಬಾಯಿ ಸ್ವಲ್ಪ ಜೋರು. ಆದರೂ ಶಾಲಿನ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ, ಯಾಕೆಂದರೆ ಮರಿಗಳಿಗೆ ಹಾಸಲು ಅವು ಚೆನ್ನಾಗಿದ್ದವು.

ಬಿದರೆಹಳ್ಳಿ ಕಾವಲ್ ಕಡೆಯವರು ಯಾರೋ ಒಂದು ದಿನ ಐದು ಬೆಕ್ಕಿನ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ತಂದು ಗೇಟಿನ ಮುಂದೆ ಇಟ್ಟು ಹೋದರು. ಕಿವಿ, ಮೂತಿ, ಕಾಲಿನ ಮೇಲೆಲ್ಲ ದುಂಡದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿತ್ತು. ಗುಬ್ಬಿಯಿಂದ ಬರುವ ನಮ್ಮ ಪಶುವೈದ್ಯರು ಮರಿಗಳನ್ನು ನೋಡಿದವರೇ ಗ್ಲೌಸ್ ಹಾಕಿಕೊಂಡರು.

"ಹುಳುಕಡ್ಡಿ ಮೇಡಂ. ಹುಳ ಅಂತಾರೆ ಅಷ್ಟೇ, ಇದು ಬೂಷ್ಟು. ಪ್ರಾಣ ತೆಗೆಯಲ್ಲ, ಆದ್ರೆ ಮನುಷ್ಯರಿಗೂ ಹತ್ತುತ್ತೆ. ಉದುರಿದ ಕೂದಲಲ್ಲಿ ತಿಂಗಳುಗಟ್ಲೆ ಜೀವ ಹಿಡ್ಕೊಂಡು ಕೂತಿರುತ್ತೆ. ಇವನ್ನ ಬೇರೆ ರೂಮಲ್ಲಿಡಿ. ಹಾಸಿದ ಬಟ್ಟೇನ ಬ್ಲೀಚಿಂಗ್ ನೀರಲ್ಲಿ ನೆನೆಹಾಕೋ ತನಕ ಯಾರೂ ಮುಟ್ಟಬಾರ್ದು."

ಹಿಂದಿನ ಕೋಣೆ ಖಾಲಿ ಮಾಡಿದೆವು. ಬಾಗಿಲ ಹತ್ತಿರ, ಒಳಗೆ ಮಾತ್ರ ಹಾಕಿಕೊಳ್ಳಲೆಂದು ರಬ್ಬರ್ ಚಪ್ಪಲಿ. ಪಕ್ಕದ ಮೊಳೆಗೆ ಒಂದು ಚೀಲ, ಮರಿಗಳ ಕೆಳಗಿನಿಂದ ತೆಗೆದ ಶಾಲುಗಳನ್ನು ತುಂಬುವುದಕ್ಕೆ. ವಾರಕ್ಕೆರಡು ಸಲ ನಾನೂ ಅಲ್ಲಿ ಕೆಲಸಕ್ಕಿರುವ ಹಾಗಲವಾಡಿಯ ಆಯಮ್ಮನೂ ಮರಿಗಳನ್ನು ಸುಣ್ಣ-ಗಂಧಕದ ನೀರಿನಲ್ಲಿ ಅದ್ದುತ್ತಿದ್ದೆವು. ಕೊಳೆತ ಮೊಟ್ಟೆಯ ನಾತ. ಮನೆಗೆ ಹೋದರೆ ನನ್ನ ಯಜಮಾನರು ಊಟದ ತಟ್ಟೆ ಎತ್ತಿಕೊಂಡು ಹಾಲಿಗೆ ಹೋಗುತ್ತಿದ್ದರು. ಮರಿಗಳೋ, ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಕ್ಕಳ ಹಾಗೆ ಹಳದಿಯಾಗಿ ನಡುಗುತ್ತಿದ್ದವು. ಅವುಗಳಲ್ಲಿ ಬಿಳಿ ಮೂತಿಯದೊಂದಿತ್ತು, ಎಲ್ಲದಕ್ಕಿಂತ ಸಣಕಲು. ಒರೆಸಿ ಬಿಟ್ಟರೆ ನನ್ನ ಗ್ಲೌಸಿನ ಬೆರಳು ಹಿಡಿದುಕೊಂಡೇ ನಿದ್ದೆ ಹೋಗುತ್ತಿತ್ತು. ಅದರ ಮೇಲೆ ನನಗೆ ಪ್ರಾಣ, ಮುಚ್ಚಿಡುವುದೇನು.

ಇನ್ನು ನಮ್ಮ ಅಧ್ಯಕ್ಷರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಒಳ್ಳೆಯವರೇ. ಆದರೆ ಬೋರ್‌ವೆಲ್ಲಿಗೆ ಹೊಸ ಮೋಟಾರು ಕೂರಿಸಿದರೂ ಟೇಪು ಕತ್ತರಿಸದೆ ಸ್ವಿಚ್ಚು ಒತ್ತುವವರಲ್ಲ. ವಾರ್ಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಉದ್ಘಾಟನೆ ಎಂದರು.

"ಸಾರ್, ಯಾರೂ ಒಳಗೆ ಹೋಗಬಾರ್ದು ಅಂತ ಮಾಡಿರೋ ರೂಮದು," ಎಂದೆ.

"ಅದಕ್ಕೇ ಮೇಡಂ, ಒಂದ್ಸಲ ಎಲ್ಲಾರ್ನೂ ಕರ್ದು ಒಳಗೆಲ್ಲ ತೋರಿಸಿಬಿಡೋಣ. ಆಮೇಲೆ ಯಾರೂ ಹೋಗೋದು ಬೇಡ."



ಉದ್ಘಾಟನೆಯ ದಿನ ನನಗೆ ಸ್ಕೂಲಿನಲ್ಲಿ ಪರೀಕ್ಷೆ ಡ್ಯೂಟಿ. ಆಯಮ್ಮ ತಂಗಿಯ ಮಗಳ ಸೀಮಂತಕ್ಕೆ ಊರಿಗೆ ಹೋಗಿದ್ದಳು. ನಾನು ಓಡೋಡಿ ಬರುವ ಹೊತ್ತಿಗೆ ಶಾಮಿಯಾನದ ಕೆಳಗೆ ಪ್ರಾರ್ಥನೆ, ಸ್ವಾಗತ ಎಲ್ಲ ಮುಗಿದಿತ್ತು. ಟೇಪು ಕತ್ತರಿಸಿ ಎಲ್ಲರೂ ಒಳಗೆ ಹೋಗಿ, ಒಂದೊಂದು ಮರಿಯನ್ನು ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡೂ ಆಗಿತ್ತು. ಆ ರಬ್ಬರ್ ಚಪ್ಪಲಿಯನ್ನು ಯಾರೋ ಪುಣ್ಯಾತ್ಮರು ಮೆಟ್ಟಿಕೊಂಡು ಮನೆಗೇ ಹೋಗಿದ್ದರು. ಈಗ ಸನ್ಮಾನ ನಡೆಯುತ್ತಿತ್ತು. ವಾರ್ಡಿಗೆ ಫ್ಯಾನು ಕೊಡಿಸಿದ ಕುಣಿಗಲ್ಲಿನ ದಾನಿಗಳಿಗೆ ಅಧ್ಯಕ್ಷರು ಕೆಂಪು ಶಾಲು ಹೊದಿಸಿದರು. ದಾನಿಗಳು ಸಂಪ್ರದಾಯ ಬಿಡದೆ ಅಧ್ಯಕ್ಷರಿಗೂ ಒಂದು ಹೊದಿಸಿದರು. ಅದು ಹಸಿರು, ಜರಿ ಅಂಚಿನದು. ಒಂದು ಮೂಲೆ ಎಳೆ ಎಳೆಯಾಗಿ ಕಿತ್ತಿತ್ತು. ಆ ಮೂಲೆಯನ್ನು ಕಚ್ಚಿ ಕಚ್ಚಿ ಕಿತ್ತದ್ದು ಬಿಳಿ ಮೂತಿಯ ಮರಿ.

ಆದದ್ದಿಷ್ಟು. ಹಾರ, ಹಣ್ಣಿನ ಬುಟ್ಟಿ ತಂದ ಅಧ್ಯಕ್ಷರಿಗೆ ಶಾಲು ಮರೆತುಹೋಗಿತ್ತು. ಮೊಳೆಯಲ್ಲಿದ್ದ ಚೀಲದಿಂದ ಜರಿ ಇಣುಕುತ್ತಿತ್ತು. ಕೆಂಪು, ಹಸಿರು ಎರಡನ್ನೂ ತೆಗೆದು, ಕೊಡವಿ, ನೀಟಾಗಿ ಮಡಿಸಿ ತಟ್ಟೆಯಲ್ಲಿಟ್ಟರು. ನಾನು ಎದ್ದು ನಿಂತು ಕೈ ಆಡಿಸಿದೆ. ನಿರೂಪಣೆ ಮಾಡುತ್ತಿದ್ದವರು ಮೈಕಿನಲ್ಲಿ, "ಮೇಡಂ, ವಂದನಾರ್ಪಣೆ ಕೊನೇಲಿದೆ, ದಯವಿಟ್ಟು ಕೂತ್ಕೊಳಿ," ಎಂದರು. ಫೋಟೋದವರು ಶಾಲನ್ನು ಇನ್ನೂ ಸ್ವಲ್ಪ ಮೇಲೆ, ಕತ್ತಿನ ಹತ್ತಿರ ಎಳೆದುಕೊಳ್ಳಲು ಹೇಳುತ್ತಿದ್ದರು.

ವೇದಿಕೆ ಇಳಿದ ಮೇಲೆ ವಿಷಯ ಹೇಳಿದೆ. ಅಧ್ಯಕ್ಷರು ನಕ್ಕುಬಿಟ್ಟರು. ಕೆಲವು ದಿನ ಕಳೆದ ಮೇಲೆ ನಗು ನಿಂತಿತು. ಕತ್ತಿನ ಸುತ್ತ, ಸರಿಯಾಗಿ ಶಾಲು ಕೂತಿದ್ದ ಜಾಗದಲ್ಲಿ, ಬಳೆಯಷ್ಟಗಲದ ಕೆಂಪು ಸುತ್ತುಗಳು. ಕುಣಿಗಲ್ಲಿನಿಂದಲೂ ಫೋನು ಬಂತು, ಆ ಕಡೆಯ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ತಕ್ಷಣ ಸಮಿತಿ ಸಭೆ. ಅಧ್ಯಕ್ಷರು ಒಂದು ಕೈಯಲ್ಲಿ ಕತ್ತು ಕೆರೆದುಕೊಳ್ಳುತ್ತಲೇ ತೀರ್ಪು ಕೊಟ್ಟರು.

"ಭಾನುವಾರ ಆ ಐದನ್ನೂ ದೂರ ಯಾವ್ದಾದ್ರೂ ತೋಟದ ಕಡೆ ಬಿಟ್ಟು ಬಂದ್ಬಿಡಿ. ಸಂಸ್ಥೆ ಮರ್ಯಾದೆ ಪ್ರಶ್ನೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಆಯಮ್ಮ, ಯಾರ ಮುಖವನ್ನೂ ನೋಡದೆ. ನಾನೂ ಕೂಗಾಡಿದೆ. ಯಾರೂ ಜಗ್ಗಲಿಲ್ಲ. ಔಷಧಿ ಅರ್ಧಕ್ಕೆ ನಿಂತರೆ ಕಾಯಿಲೆ ಹೋಗುವುದಿಲ್ಲ, ಬೀದಿಗೆ ಬಿದ್ದರೆ ಆ ಸಣಕಲು ಮರಿ ಉಳಿಯುವುದಿಲ್ಲ.

ಶನಿವಾರ ಸಂಜೆ ಜಗಳಕ್ಕೆ ಸೆರಗು ಕಟ್ಟಿಕೊಂಡು ಅಧ್ಯಕ್ಷರ ಮನೆಗೇ ಹೋದೆ. ಬಾಗಿಲು ತೆಗೆದ ಅವರ ಹೆಂಡತಿ, "ಒಳಗಿಲ್ಲ ಮೇಡಂ, ಹೊರಗಿನ ರೂಮಲ್ಲಿದಾರೆ. ಹೊಸಲಲ್ಲೇ ನಿಂತ್ಕೊಂಡು ಮಾತಾಡಿ, ಆ ಚಾಪೆ ಮೇಲೆ ಕೂತ್ಕೋಬೇಡಿ," ಎಂದರು.

ಅಧ್ಯಕ್ಷರು ಸ್ಕೂಟರಿನ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದರು. ಬೇರೆ ತಟ್ಟೆ, ಬೇರೆ ಲೋಟ. ಬಾಗಿಲ ಮೊಳೆಗೆ ಅವರ ಬಟ್ಟೆಯ ಚೀಲ. ಡಾಕ್ಟರ ಹತ್ತಿರ ಹೋಗಲು ಮಾನಕ್ಕೆ ಅಂಜಿ, ಅವರೇ ಮೆಡಿಕಲ್ ಶಾಪಿನಲ್ಲಿ ಯಾವುದೋ ಟ್ಯೂಬು ಕೇಳಿ ತಂದು ಹಚ್ಚಿಕೊಂಡಿದ್ದರು. ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ. ಕೆರೆತ ನಿಂತ ಹಾಗಾಗಿ, ಆಮೇಲೆ ಸುತ್ತುಗಳು ಬೆನ್ನಿಗೆಲ್ಲ ಹಬ್ಬಿದ್ದವು.

"ಮೊಮ್ಮಗಳು ಬಂದವ್ಳೆ ಮೇಡಂ," ಎಂದರು. "ನನ್ ಹತ್ರ ಬಿಡ್ತಾ ಇಲ್ಲ. ಕಿಟಕೀಲಿ ತೋರಿಸ್ತಾರೆ."

ಬೈಯಲು ಹೋಗಿದ್ದ ನನಗೇ ಪಾಪ ಅನ್ನಿಸಿತು.

"ವಾಸಿ ಆಗುತ್ತೆ ಸಾರ್. ಇಲ್ಲೇ ಇದ್ದು ಔಷಧಿ ತಗೊಂಡ್ರೆ ಆಗುತ್ತೆ. ದೂರ ಎಲ್ಲಾದ್ರೂ ತೋಟದಲ್ಲಿ ಬಿಟ್ಟು ಬಂದ್ರೆ ಆಗಲ್ಲ."

ಅವರು ಬಾಗಿಲ ಮೊಳೆಯಲ್ಲಿದ್ದ ತಮ್ಮ ಬಟ್ಟೆಯ ಚೀಲದ ಕಡೆ ನೋಡಿದರು. ಆಮೇಲೆ, "ನಾಳೆ ಯಾರೂ ಎಲ್ಲಿಗೂ ಹೋಗೋದು ಬೇಡ ಅಂತ ಹೇಳ್ಬಿಡಿ," ಎಂದರು.

ಮರಿಗಳು ಕಚ್ಚಿದವು, ಪರಚಿದವು, ಆದರೂ ಗಂಧಕದ ಸ್ನಾನ ಒಂದೂ ತಪ್ಪಲಿಲ್ಲ. ಕಡೆಗೆ ವೈದ್ಯರು ಕೂದಲನ್ನು ಪರೀಕ್ಷೆಗೆ ಕಳಿಸಿ, ಬೂಷ್ಟು ಇಲ್ಲವೆಂದು ಖಾತ್ರಿಯಾದ ಮೇಲೆ ವಾರ್ಡಿನ ಬಾಗಿಲು ತೆಗೆಸಿದರು. ಟೇಪಿರಲಿಲ್ಲ, ಮೈಕಿರಲಿಲ್ಲ. ಅವತ್ತು ಅಧ್ಯಕ್ಷರೂ ಬಂದರು, ಕತ್ತಿನ ತನಕ ಗುಂಡಿ ಹಾಕಿಕೊಂಡು. ಜಾಲರಿ ಗೇಟಿನ ಆಚೆಯೇ ನಿಂತರು.

"ಒಳಗೆ ಬನ್ನಿ ಸಾರ್," ಎಂದೆ.

"ಬೇಡ ಮೇಡಂ. ನಂದಿನ್ನೂ ಪೂರ್ತಿ ಹೋಗಿಲ್ಲ. ಅವಕ್ಕೆ ಈಗ ತಾನೆ ವಾಸಿ ಆಗಿದೆ, ನನ್ನಿಂದ ಹತ್ಕೊಂಡ್ರೆ ಏನ್ ಮಾಡ್ತೀರಿ."

ಬಿಳಿ ಮೂತಿಯ ಮರಿ ಓಡಿಹೋಗಿ ಜಾಲರಿಯ ಸಂದಿಯಿಂದ ಅವರ ಕಡೆಗೆ ಕಾಲು ಚಾಚಿತು. ಅವರು ಬಗ್ಗಿ ಅದನ್ನೇ ನೋಡುತ್ತಿದ್ದರು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.