ಹೆಣ್ಣು ನೋಡಲು ಬಂದವರಿಗೆ ಕಾಂಬಿನೇಟರ್ ಪಾಠ

ಅರವತ್ತರ ದಶಕದ ಮೊದಲಲ್ಲಿ ನಾನು ಊರಿಗಾಂನಿಂದ ದಿನಾ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಎಂ.ಎ. ಓದುವಾಗ ಮೇಷ್ಟ್ರೊಬ್ಬರು ಪಠ್ಯದಲ್ಲಿಲ್ಲದ ಕಾಂಬಿನೇಟರ್‌ಗಳ ಹುಚ್ಚು ಹಿಡಿಸಿದ್ದರು. ಎಕ್ಸು, ವೈಗಳ ಹಂಗಿಲ್ಲದೆ, ಬರೀ ಕೆಲವು ಅಕ್ಷರಗಳನ್ನು ಅಕ್ಕಪಕ್ಕ ಕೂರಿಸಿ ತರ್ಕವನ್ನೂ ಲೆಕ್ಕವನ್ನೂ ಮಾಡಿಬಿಡುವ ವಿದ್ಯೆ ಅದು. ಅದರಿಂದ ನನಗಾದ ಲಾಭವೆಂದರೆ ಗಂಡು ಸಿಗುವುದು ಕಷ್ಟವಾದದ್ದು. ಅಷ್ಟು ಓದಿದವಳು ಎದುರು ಮಾತಾಡುತ್ತಾಳೆ ಎಂದು ಸುತ್ತಲಿನವರು ಆಗಲೇ ತೀರ್ಮಾನಿಸಿದ್ದರು.

ಒಂದು ಭಾನುವಾರ ಬೇತಮಂಗಲದಿಂದ ನನ್ನನ್ನು ನೋಡಲು ಬಂದರು. ಹುಡುಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗುಮಾಸ್ತ. ತಂದೆ ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿ ನಿವೃತ್ತರಾದವರು. ಕೆಲಸ ಬಿಟ್ಟಿದ್ದರು, ದರ್ಬಾರು ಬಿಟ್ಟಿರಲಿಲ್ಲ. ನಮ್ಮಪ್ಪ ಹುಡುಗನನ್ನು ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳಿದರೆ ಅವನ ತಂದೆ "ಸಾಕು" ಎಂದರು. ಕೆಲಸ ಹೇಗಿದೆ ಎಂದರೆ "ಚೆನ್ನಾಗೈತೆ" ಎಂದರು. ಹುಡುಗ ಎರಡು ಸಲವೂ ಬಾಯಿ ತೆರೆದು ಮುಚ್ಚಿದ.

ಆಮೇಲೆ ಶೇಕದಾರರು ನನ್ನತ್ತ ತಿರುಗಿದರು. "ಅದೇನೋ ಓದಿದ್ದೀಯಂತಲ್ಲಮ್ಮ, ಅದೇನಂತ ಒಸಿ ಏಳು ನೋಡಾನ."

"ಕೆ ಅಂತ ಒಂದು ಕಾಂಬಿನೇಟರ್ ಇದೆ. ಅದರ ಮುಂದೆ ಎರಡು ಅಕ್ಷರ ಇಟ್ಟರೆ ಮೊದಲನೇದನ್ನ ಹಾಗೇ ವಾಪಸ್ ಕೊಡ್ತದೆ."

"ಎರಡನೇದು?"

"ಅದನ್ನ ಯಾರೂ ಕೇಳಲ್ಲ."

ಹೇಳುವಾಗ ನನ್ನ ಕಣ್ಣು ಹುಡುಗನ ಕಡೆ ಹೋಯಿತು. ಬಾಗಿಲ ಸಂದಿಯಿಂದ ಅಮ್ಮ ನನ್ನನ್ನು ಗುರಾಯಿಸಿದಳು. ಶೇಕದಾರರಿಗೆ ಮಾತ್ರ ಬಹಳ ಹಿಡಿಸಿತು.

"ಒಳ್ಳೆ ಪದ್ಧತಿ ಕಣಮ್ಮ. ನಮ್ಮ ಆಪೀಸಲ್ಲೂ ಇಂಗೇ ನಡೀತಿತ್ತು."

ಹುಡುಗ ನಗಲು ಹೋಗಿ ಕೆಮ್ಮಿದ. ವಿಚಾರ ಮಾಡಿ ತಿಳಿಸುತ್ತೇವೆಂದು ಹೇಳಿ ಹೊರಟರು.

ಮರುದಿನ ಸಂಜೆ ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಅವನೇ ಎದುರಾದ. ಅತ್ತಿತ್ತ ನೋಡಿ, "ಎರಡನೇದನ್ನ ಉಳಿಸೋದು ಯಾವ್ದಾದ್ರೂ ಐತಾ?" ಎಂದ.

"ಸಿ ಅಂತ ಇದೆ. ಅದು ಸರದಿ ಅದಲು ಬದಲು ಮಾಡ್ತದೆ. ಸಿ ಬರೆದು ಪಕ್ಕದಲ್ಲಿ ಕೆ ಬರೆದರೆ ಎರಡನೇದು ಉಳೀತದೆ, ಮೊದಲನೇದು ಹೋಗ್ತದೆ."

"ಕೆ ಒಪ್ಕೊಂತದಾ?"

"ಅದಕ್ಕೆ ಗೊತ್ತೇ ಆಗಲ್ಲ. ಮುಂದೆ ಬಂದಿದ್ದನ್ನ ಇಟ್ಕೊಂಡೆ ಅಂತ ಆರಾಮಾಗಿರ್ತದೆ."

ಅವನು ತಲೆಯಾಡಿಸಿ ಹೋದ. ಹುಡುಗನಿಗೆ ಮಾತು ಬರುತ್ತದೆಂದು ತಿಳಿದು ನನಗೆ ಸಮಾಧಾನವಾಯಿತು.

ಅಂದು ರಾತ್ರಿ ಬೇತಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ, ಸಿಕ್ಕಿದವರಿಗೆಲ್ಲ "ಅಪ್ಪ ಊರಿಗಾಂ ಟೀಚರನ್ನ ಒಪ್ಪವ್ರೆ" ಎಂದನಂತೆ. ಶೇಕದಾರರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬೆಳಗಾದರೆ ಹೋಟೆಲಿನಲ್ಲಿ ನಾಲ್ಕಾರು ಜನ ಅವರ ಕೈ ಕುಲುಕಿ, ಓದಿದ ಸೊಸೆಯನ್ನು ತರುವ ಧೈರ್ಯ ನಿಮಗಲ್ಲದೆ ಯಾರಿಗಿದೆ ಎಂದು ಹೊಗಳಿದರು. ಅವರು, "ನಾನು ಒಂದು ಸಲ ತೀರ್ಮಾನ ಮಾಡಿದ್ರೆ ಮುಗೀತು" ಎಂದರಂತೆ.

ಮದುವೆಯಾದ ಮೇಲೆ ನಾನು ಕೆಲಸ ಬಿಡಬೇಕೆಂದು ಮಾವನವರು ಮನಸ್ಸಿನಲ್ಲೇ ನಿಶ್ಚಯಿಸಿದ್ದರು. ಆದರೆ ತಾವು ಸೊಸೆಯ ಕೆಲಸ ಬಿಡಿಸುವುದಿಲ್ಲವೆಂಬ ಸುದ್ದಿ ಅಷ್ಟರಲ್ಲಿ ಅವರಿಗೆ ಅದೇ ಹೋಟೆಲಿನಲ್ಲಿ ತಲುಪಿತ್ತು.