ಗಾಲಿಗೆ ಸುತ್ತಿದ ತೊಗಲು

ಗಾಳಿ ಬಡಿಯಿತು, ಶಾಪ ತಟ್ಟಿತು ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೆಲಸವಿಲ್ಲದವರ ಹರಟೆ ಎಂದು ಮುಖಕ್ಕೇ ಅಂದುಬಿಡುತ್ತಿದ್ದೆ. ಈಗ ಅನ್ನುವುದಿಲ್ಲ. ಯಾಕೆಂದು ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದರಲ್ಲಿ ನಾನು ಒಳ್ಳೆಯವನಲ್ಲ, ಅದನ್ನು ಮೊದಲೇ ಹೇಳಿರುತ್ತೇನೆ.

ಆಗ ಕಾಲುವೆ ಗುತ್ತಿಗೆದಾರರೊಬ್ಬರ ಪಿಕಪ್ ಓಡಿಸುತ್ತಿದ್ದೆ. ನಾಲ್ಕೂ ಗಾಲಿಗೆ ಎಂಜಿನ್ ಬಲವಿದ್ದ ಗಾಡಿ. ಒಂದು ಬೇಸಿಗೆ ಯಜಮಾನರಿಗೆ ಗೊತ್ತಾಗದಂತೆ ಬಾಡಿಗೆ ಹಿಡಿದೆ. ಮುದನಾಳದ ಕುರಿಗಾರರು ಹಿಂಡನ್ನು ತಿಂಥಣಿಯ ಹೊಳೆದಂಡೆಗೆ ನಡೆಸಿಕೊಂಡು ಹೋಗಿದ್ದರು. ನಡೆಯಲಾಗದ ಎಳೆಮರಿಗಳು, ಹಿಂದಿನ ದಿನ ಮರಿ ಹಾಕಿದ್ದ ಒಂದು ಕುರಿ, ಇವುಗಳ ಜೊತೆ ಮುದುಕಿ ಹಣಮವ್ವ ನನ್ನ ಗಾಡಿ ಹತ್ತಿದಳು. ಶಹಾಪುರ ದಾಟಿದ ಮೇಲೆ ಗುರುತಿನವರ ಕಣ್ಣಿಗೆ ಬೀಳಬಾರದೆಂದು ಡಾಂಬರು ಬಿಟ್ಟು ಕಾಲುವೆ ದಂಡೆ ಹಿಡಿದೆ.

ನಡುಮಧ್ಯಾಹ್ನ ಹಣಮವ್ವ ಹಿಂದಿನಿಂದ ತಗಡು ಬಡಿದು ಗಾಡಿ ನಿಲ್ಲಿಸಿದಳು. ಆ ಕುರಿಯ ಮರಿ ಬಿಸಿಲಿಗೆ ಸತ್ತಿತ್ತು. ಇಳಿದು ನೋಡಿದರೆ ಗಾಡಿಯ ಮುಂದಿನ ಎಡ ಗಾಲಿಗೆಲ್ಲ ಗ್ರೀಸ್ ಸಿಡಿದಿದೆ. ಆಕ್ಸಲ್ ಬೂಟ್ ಹರಿದಿತ್ತು. ಗಾಲಿ ತಿರುಗಿಸುವ ಜಾಯಿಂಟಿಗೆ ಹೊದಿಸಿದ ರಬ್ಬರ್ ಚೀಲ ಅದು. ಹರಿದರೂ ಗಾಡಿ ಕೆಟ್ಟು ನಿಲ್ಲುವುದಿಲ್ಲ, ಮೆಲ್ಲಗೆ ಹೋದರೆ ಊರು ಮುಟ್ಟುತ್ತದೆ. ಆದರೆ ಧೂಳು ಹೊಕ್ಕು ಜಾಯಿಂಟ್ ಹಾಳಾಗುತ್ತದೆ. ಹಾಳಾದರೆ ಕದ್ದ ಬಾಡಿಗೆ ಬಯಲಾಗಿ ನನ್ನ ನೌಕರಿ ಹೋಗುತ್ತಿತ್ತು. ಬಟ್ಟೆ ಸುತ್ತಿ ನೋಡಿದೆ, ನಿಲ್ಲಲಿಲ್ಲ.

ಅಷ್ಟರಲ್ಲಿ ಹಣಮವ್ವ ಜಾಲಿಯ ನೆರಳಲ್ಲಿ ಸತ್ತ ಮರಿಯ ತೊಗಲು ಬಿಡಿಸಿ, ತಾಯಿ ಇಲ್ಲದ ಇನ್ನೊಂದು ಮರಿಗೆ ತೊಡಿಸಿದ್ದಳು. ಕುರಿ ಮೂಸಿ ನೋಡಿ ತನ್ನದೇ ಎಂದುಕೊಂಡು ಹಾಲು ಕೊಡುತ್ತದೆ, ತಬ್ಬಲಿ ಬದುಕುತ್ತದೆ. ಕುರಿಗಾರರ ಹಳೆಯ ಉಪಾಯ ಅದು. ತಬ್ಬಲಿ ಬಾಲ ಅಲ್ಲಾಡಿಸುತ್ತ ಕುಡಿಯತೊಡಗಿತ್ತು. ನನಗೆ ಕಂಡದ್ದು ತೊಗಲೊಂದೇ.

“ಯವ್ವಾ, ಆ ತೊಗಲ ಕೊಡದಿದ್ರ ಗಾಡಿ ಇಲ್ಲಿಂದ ಹೊಂಡಂಗಿಲ್ಲ. ಎಲ್ಲಾ ಮರಿ ಇಲ್ಲೇ ಸಾಯ್ತಾವ ನೋಡು” ಎಂದೆ.

“ತಮ್ಮಾ, ಈಗಷ್ಟ ಬಾಯಿ ಹಚ್ಚೇತಿ. ಇದು ಸಾಯ್ತೈತೋ.”

ಕುಡಿಯುತ್ತಿದ್ದ ಮರಿಯ ಮೈಯಿಂದ ನಾನೇ ತೊಗಲು ಸುಲಿದುಕೊಂಡೆ. ಕುರಿ ಮತ್ತೊಮ್ಮೆ ಮೂಸಿ, ತಬ್ಬಲಿಯನ್ನು ತಲೆಯಿಂದ ಗುದ್ದಿ ದೂಡಿತು. ನಾನು ಜಾಯಿಂಟಿಗೆ ಗ್ರೀಸ್ ಮೆತ್ತಿ, ತೊಗಲು ಸುತ್ತಿ ತಂತಿ ಬಿಗಿದೆ.

ಆಮೇಲೆ ಎಲ್ಲೂ ನಿಲ್ಲಿಸಲಿಲ್ಲ. ಕುರಿಯನ್ನು ಗಾಡಿಯ ಹಿಂಭಾಗದಲ್ಲಿ ಹಗ್ಗದಿಂದ ಕಟ್ಟಿದ್ದೆವು. ತಿಂಥಣಿಯಲ್ಲಿ ಇಳಿಸಿದಾಗ ಹಣಮವ್ವ ಅದರ ಕಾಲು ಒತ್ತಿ ಹಿಡಿದು ತಬ್ಬಲಿಯನ್ನು ಕೆಚ್ಚಲಿಗೆ ಹಚ್ಚಿದಳು. ಹನಿ ಹಾಲಿಲ್ಲ. ಮಧ್ಯಾಹ್ನ ಬಿಗಿದುಕೊಂಡಿದ್ದ ಕೆಚ್ಚಲು ಜೋತುಬಿದ್ದಿತ್ತು.

“ಯಾವುದೋ ಮರಿ ಕುಡದ ಬಿಟ್ಟಂಗ ಐತಲ್ಲೋ” ಎಂದಳು.

ಬಿಸಿಲಿಗೆ ಬತ್ತಿರಬೇಕು ಎಂದೆ. ಸ್ವಲ್ಪ ಹೊತ್ತಿನಲ್ಲಿ ತಬ್ಬಲಿ ಅವಳ ಮಡಿಲಲ್ಲೇ ಸತ್ತಿತು. ನಾನು ಚಹಾ ಕುಡಿದು ಹೊರಟೆ.

ಸಂಜೆ ಸುರಪುರದಲ್ಲಿ ಗುರುತಿನ ಮೇಸ್ತ್ರಿಯೊಬ್ಬ ಹೊಸ ಬೂಟ್ ಹಾಕಲೆಂದು ತಂತಿ ಕತ್ತರಿಸಿದ. ತೊಗಲಿನೊಳಗಿಂದ ಬೆಳ್ಳಗಿನದು ಬಳಬಳ ಸುರಿದು ಅವನ ಮೊಣಕೈತನಕ ಇಳಿಯಿತು. ನೀರು ಹೊಕ್ಕರೆ ಗ್ರೀಸ್ ಬೆಳ್ಳಗಾಗುತ್ತದೆ ಎಂದ. ಎಲ್ಲಿಯ ನೀರು? ಕಾಲುವೆಗೆ ನೀರು ನಿಂತು ಎಷ್ಟು ದಿನವಾಗಿತ್ತೋ, ತಳ ಬಿರುಕುಬಿಟ್ಟಿತ್ತು. ಆಮೇಲೆ ಅವನು ಬೆರಳು ಮೂಸಿದ.

“ಗಿಣ್ಣದ ಹಾಲಲೇ ಇದು. ಇದರಾಗ ಯಾರ ಹಾಕ್ಯಾರ?”

ನಾನೂ ಮೂಸಿದೆ. ಹೌದು, ಹೊಸದಾಗಿ ಮರಿ ಹಾಕಿದ ಕುರಿಯ ಹಾಲು. ಮುಟ್ಟಿದರೆ ಬೆಚ್ಚಗಿತ್ತು, ಜಾಯಿಂಟಿನ ಕಾವಿಗೆ ಇರಬಹುದು. ಒರೆಸಿ ನೋಡಿದರೆ ಜಾಯಿಂಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಎರಡು ಸಲ ಕೈ ತೊಳೆದೆ, ವಾಸನೆ ಹೋಗಲಿಲ್ಲ.

ಯಜಮಾನರಿಗೆ ಏನೂ ತಿಳಿಯಲಿಲ್ಲ, ನೌಕರಿ ಉಳಿಯಿತು. ಹಿಂದೆ ಕಟ್ಟಿದ್ದ ಕುರಿಯ ಹಾಲು ಮುಂದಿನ ಗಾಲಿಗೆ ಹೇಗೆ ಬಂತು? ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಮರುವರ್ಷ ಹಣಮವ್ವ ಕೆಂಭಾವಿ ಸಂತೆಯಲ್ಲಿ ಸಿಕ್ಕಳು. ನನ್ನ ಕೈ ಹಿಡಿದುಕೊಂಡು, “ಆವತ್ತ ಆ ತೊಗಲ ಇಲ್ದಿದ್ರ ಎಲ್ಲಾ ಮರಿ ಸಾಯ್ತಿದ್ವು. ನೀ ಉಳಿಸಿದಿ, ಅಲ್ಲೇನ ತಮ್ಮಾ?” ಎಂದು ಕೇಳಿದಳು.

ಹೌದವ್ವ ಎಂದೆ.