ಕಡಲ ತಳದಿಂದ ಏಳದ ಮಾಪಕ

ಫಾರೋ ದ್ವೀಪಗಳ ಸಂಶೋಧನಾ ಹಡಗಿನಲ್ಲಿ ಹಾನುಸ್ ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ: ನೀರಿನ ಓಟ ಅಳೆಯುವ ಮಾಪಕವನ್ನು ಕಡಲ ತಳಕ್ಕೆ ಇಳಿಸುವುದು, ವರ್ಷ ಕಳೆದ ಮೇಲೆ ಎಬ್ಬಿಸಿ ತರುವುದು. "ಮೀನು ಹಿಡಿಯೋ ಊರಲ್ಲಿ ಹುಟ್ಟಿ ಬರೀ ನೀರು ಅಳೀತೀಯಲ್ಲೋ," ಎಂದು ಸ್ವಂತ ಭಾವನೇ ಹಂಗಿಸುತ್ತಿದ್ದ. ಹಂಗಿಸುವವರಿಗೇನು ಗೊತ್ತು? ಉತ್ತರದ ತಣ್ಣನೆಯ ಭಾರದ ನೀರು ಆ ದ್ವೀಪಗಳ ಪಕ್ಕದಲ್ಲೇ ನುಸುಳಿ ಆಳಕ್ಕಿಳಿದು ದಕ್ಷಿಣಕ್ಕೆ ಹೋಗುತ್ತದೆ. ಅದು ಹೋದಷ್ಟೂ ಸಮಭಾಜಕದ ಆಚೆಯ ಬೆಚ್ಚನೆಯ ನೀರು ಮೇಲಿನಿಂದ ಉತ್ತರಕ್ಕೆ ಬರುತ್ತದೆ. ಭೂಮಿಯ ಉತ್ತರಾರ್ಧ ದಕ್ಷಿಣಾರ್ಧಕ್ಕಿಂತ ಬೆಚ್ಚಗಿರುವುದಕ್ಕೆ ಈ ಓಟವೇ ದೊಡ್ಡ ಕಾರಣ. ಅದು ಸೊರಗುತ್ತಿದೆಯೇ ಎಂದು ತಿಳಿಯಬೇಕಾದರೆ ಒಂದು ವರ್ಷವೂ ತಪ್ಪದ ದಾಖಲೆ ಬೇಕು. ಹಾನುಸನ ಆಯುಸ್ಸೆಲ್ಲ ಆ ದಾಖಲೆಯಲ್ಲೇ ಸವೆದಿತ್ತು.

ಹಡಗಿನಲ್ಲೊಂದು ಪದ್ಧತಿ: ಮಾಪಕ ಕಟ್ಟಿದವನೇ ಅದನ್ನು ಕರೆಯಬೇಕು. ಆ ಜೂನ್ ಬೆಳಿಗ್ಗೆ ಹಾನುಸ್ ಗುಂಡಿ ಒತ್ತಿ ನೀರಿನೊಳಗೆ ಶಬ್ದದ ಕರೆ ಕಳಿಸಿದ. ಲಂಗರಿನ ಕೊಕ್ಕೆ ಬಿಚ್ಚಿಕೊಂಡಿದೆ ಎಂದು ತಳದಿಂದ ಉತ್ತರ ಬಂತು. ಕೊಕ್ಕೆ ಬಿಚ್ಚಿದರೆ ತೇಲುಗುಂಡು ಮಾಪಕವನ್ನು ಮೇಲಕ್ಕೆ ಎಳೆದು ತರಬೇಕು. ದೂರ ಎಂಟುನೂರ ಹತ್ತು ಮೀಟರ್. ಹತ್ತು ನಿಮಿಷ ಬಿಟ್ಟು ಕೇಳಿದರೂ ಅಷ್ಟೇ.

"ಓಗೊಡ್ತಿದೆ, ಏಳ್ತಿಲ್ಲ," ಎಂದಳು ದಾಖಲೆಯ ಹೊಣೆ ಹೊತ್ತ ವಿಜ್ಞಾನಿ ಸುನ್ವಾ. "ತೇಲುಗುಂಡು ಕಿತ್ಕೊಂಡು ಹೋಗಿದೆ. ಯಾವನೋ ಬಲೆ ಎಳ್ದಿದಾನೆ, ಹಾಳಾದವ್ನು."

"ಬಲೆ ಅಲ್ಲ ಮಾರಾಯ್ತಿ. ನಾನು."

ಹೋದ ವರ್ಷ ಸ್ಟೇನ್‌ಲೆಸ್ ಸ್ಟೀಲ್ ಚೌಕಟ್ಟಿಗೂ ತೇಲುಗುಂಡನ್ನು ಹಿಡಿದ ಕಬ್ಬಿಣದ ಕೊಂಡಿಗೂ ನಡುವೆ ಬುಶ್ ಎಂಬ ಪ್ಲಾಸ್ಟಿಕ್ ಬಳೆ ಹಾಕುವುದನ್ನು ಅವನು ಮರೆತಿದ್ದ. ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹ ಮುಟ್ಟಿಕೊಂಡರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಹಡಗು ಊರಿನತ್ತ ತಿರುಗಿದ ಮೇಲೆ ಆ ಬುಶ್ ಅವನ ಜೇಬಿನಲ್ಲೇ ಸಿಕ್ಕಿತ್ತು.

"ಅವತ್ತೇ ಗೊತ್ತಿತ್ತಾ ನಿಮ್ಗೆ?"

"ಅವತ್ತೇ."

"ಒಂದು ಮಾತು ಹೇಳಿದ್ರೆ ವಾಪಸ್ ಹೋಗ್ತಿದ್ವಲ್ಲ."

"ನಾಚ್ಕೆ ಆಯ್ತು. ಇಷ್ಟು ವರ್ಷ ಕಟ್ಟಿದ ಕೈ. ಒಂದು ವರ್ಷ ಹೇಗೋ ತಡ್ಕೊಳ್ಳುತ್ತೆ ಅಂದ್ಕೊಂಡೆ."

ಸುನ್ವಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಎರಡು ದಿನ ಉದ್ದನೆಯ ಹಗ್ಗಕ್ಕೆ ಗಾಳ ಕಟ್ಟಿ ತಳವನ್ನೆಲ್ಲ ತಡಕಿದರು. ಸಿಕ್ಕಿದ್ದು ಕೆಸರು. ಆ ವರ್ಷದ ನೀರು ಹರಿದುಹೋಗಿತ್ತು, ಇನ್ನು ಅದನ್ನು ಲೋಕದಲ್ಲಿ ಯಾರೂ ಅಳೆಯಲಾರರು.

ಮೂರನೆಯ ದಿನ ಊಟದ ಮೇಜಿನ ಮೇಲೆ ಅವಳು ದಾಖಲೆಯ ಪುಸ್ತಕ ಬಿಡಿಸಿದಳು. ಒಣಮಾಂಸದ ತಟ್ಟೆಯನ್ನು ಹಾನುಸ್ ಮುಟ್ಟಿರಲಿಲ್ಲ.

"ಬಲೆಗೆ ಸಿಕ್ತು ಅಂತ ಬರೀತೀನಿ," ಎಂದಳು ಮೆಲ್ಲಗೆ. "ಯಾರೂ ಕೇಳಲ್ಲ."

"ಬೇಡ ಕಣೇ. ದಾಖಲೆಯ ಒಂದು ವರ್ಷ ನಾನು ನುಂಗಿದ್ದು ಸಾಕು. ಅದ್ರೊಳಗೆ ಸುಳ್ಳು ಬೇರೆ ತುಂಬಬೇಡ."

ಅವಳು ಅಂಕಿಯ ಜಾಗ ಖಾಲಿ ಬಿಟ್ಟು, ಕಾರಣದ ಮುಂದೆ ಅವನ ಹೆಸರು ಬರೆದಳು. ಇಪ್ಪತ್ತಾರು ವರ್ಷದಲ್ಲಿ ಆ ಪುಸ್ತಕದೊಳಗೆ ಅವನ ಹೆಸರು ಬಂದದ್ದು ಅದೇ ಮೊದಲು.